ಹೌದ್ರಿ ಅಂದ ಬಣ್ಣಗಳು

ಆ ದಿನ ಬೆಂಗಳೂರಿನ ಬಿಸಿಲಿಗೆ ಅವಸರವೇ ಇರಲಿಲ್ಲ. ನಮ್ಮ ಗಜೇಂದ್ರಗಡದಲ್ಲಿ ಏಳು ಗಂಟೆಗೆಲ್ಲ ಗುಡ್ಡದ ಬಂಡೆಗಳು ಕಾಯತೊಡಗಿರುತ್ತವೆ. ಇಲ್ಲಿ ಒಂಬತ್ತಾದರೂ ಬಿಸಿಲು ರಸ್ತೆಯಂಚಿನ ಮರಗಳ ತಲೆಯ ಮೇಲೆ ಕೂತು, ಇಳಿಯಲೋ ಬೇಡವೋ ಎಂಬಂತೆ ಕೆಳಗೆ ನೋಡುತ್ತಿತ್ತು. ಲಾಡ್ಜಿನ ಕೋಣೆಯಲ್ಲಿ ನಾನಿನ್ನೂ ಜಡೆ ಹೆಣೆದುಕೊಳ್ಳುತ್ತಿದ್ದೆ. ನಮ್ಮ ಅತ್ತೆ ಆಗಲೇ ಮಡಿಕೆ ಮುರಿಯದ ಇಳಕಲ್ ಸೀರೆ ಉಟ್ಟು, ರೊಟ್ಟಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಸೀಟು ಹಿಡಿದವರಂತೆ ಮಂಚದ ತುದಿಯಲ್ಲಿ ಕೂತಿದ್ದರು.

“ಲಗೂ ನಡಿ ತಂಗಿ. ಊರು ತೋರಸ್ತೀನಿ ಅಂದಿದ್ದಿ. ಐದಕ್ಕ ಮತ್ತ ಅವರಿಗೆ ಹೇಳಬೇಕಲ್ಲ.”

ಅವರು ಎಂದರೆ ಕಣ್ಣಿನ ಆಸ್ಪತ್ರೆಯವರು. ಅತ್ತೆಯ ಎಡಗಣ್ಣು ಆರಿಹೋಗಿ ಆರು ವರ್ಷವಾಗಿತ್ತು. ನೋವಿಲ್ಲದೆ, ಸದ್ದಿಲ್ಲದೆ, ಒಳಗೊಳಗೇ ಒತ್ತಡ ಏರಿ ಹೋದ ಕಣ್ಣು ಅದು; ನಮಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ಈಗ ಉಳಿದ ಬಲಗಣ್ಣಿಗೆ ಪೊರೆ ಬಂದು ಬಲಿತಿತ್ತು. ಹಿಂದಿನ ದಿನ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಮುಚ್ಚುಮರೆಯಿಲ್ಲದೆ ಹೇಳಿದ್ದರು: “ಪೊರೆ ತೆಗೀದೇ ಇದ್ರೆ ಇದೂ ಮುಚ್ಕೊಳ್ಳುತ್ತೆ ಅಮ್ಮ. ತೆಗೆದ್ರೆ ಹೆಚ್ಚಿನಂಶ ಚೆನ್ನಾಗೇ ಆಗುತ್ತೆ. ಆದ್ರೆ ಇರೋದು ಒಂದೇ ಕಣ್ಣು, ನಾನು ಬಲವಂತ ಮಾಡಲ್ಲ. ನಾಳೆ ಸಂಜೆ ಐದರೊಳಗೆ ಫೋನ್ ಮಾಡಿ. ಹೂಂ ಅಂದ್ರೆ ನಾಡಿದ್ದು ಬೆಳಿಗ್ಗೆ ಆಪರೇಶನ್.”

ಮೆಟ್ಟಿಲಿಳಿಯುತ್ತಲೇ ಅತ್ತೆ ನನ್ನ ಮೊಣಕೈ ಹಿಡಿದು ಹೇಳಿದ್ದರು, “ಮಬ್ಬರ ಇರ್ಲಿ, ನನ್ನ ಕಣ್ಣು ನನ್ನ ಹತ್ರ ಐತಿ. ಅದನ್ನೂ ಒಯ್ದು ಅವರ ಕೈಯಾಗ ಕೊಟ್ಟು, ನಾ ಕತ್ತಲ್ಯಾಗ ಕುಂದ್ರಲೇನು?” ರಸ್ತೆ ದಾಟಿದ ಮೇಲೆ ಅವರೇ ಒಂದು ಕರಾರು ಮಾಡಿದರು. “ನಾಳಿ ಒಂದು ದಿನ ನನಗ ಈ ಊರು ತೋರಸು. ನೋಡೂದೆಲ್ಲ ನೋಡಿಬಿಡತೀನಿ. ಸಂಜಿಕ ಹೇಳತೀನಿ.” ಕೊನೆಯ ಸಲವೆಂದು ನೋಡಲು ಹೊರಟಿದ್ದರೋ, ಇದ್ದ ಕಣ್ಣು ಎಷ್ಟು ದೂರ ಬರುತ್ತದೆಂದು ಅಳೆಯಲು ಹೊರಟಿದ್ದರೋ, ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ನಮ್ಮ ಮನೆಯವರು ಅಂಗಡಿಯ ಕೆಲಸ ಮುಗಿಸಿ ಮರುದಿನ ಮುಂಜಾನೆ ಬಂದು ಸೇರುವವರಿದ್ದರು. ಅಲ್ಲಿಯವರೆಗೆ ನಾವಿಬ್ಬರೇ.

ಊರಿನಲ್ಲಿ ಯಾರಿಗೂ ನಮ್ಮ ಬಗ್ಗೆ ಚಿಂತೆಯಿರಲಿಲ್ಲ. “ಅಕಿ ಕಾನ್ವೆಂಟ್‌ನ್ಯಾಗ ಕಲತಾಕಿ, ಬೆಂಗಳೂರೇನು ಲಂಡನ್ನಿಗೂ ಹೋಗಿ ಬರ್ತಾಳ” ಎಂದು ಓಣಿಯವರೆಲ್ಲ ಧೈರ್ಯ ತುಂಬಿ ಕಳಿಸಿದ್ದರು. ನನ್ನ ತವರು ಅಬ್ಬಿಗೇರಿಯಿಂದ ಗದಗಿಗೆ ಹೋಗಿ, ಹಾಸ್ಟೆಲಿನಲ್ಲಿದ್ದು, ಸಿಸ್ಟರುಗಳ ಕೈಯಲ್ಲಿ ನಾನು ಕಲಿತದ್ದೇನೆಂದು ಅವರಿಗೇನು ಗೊತ್ತು? ಸಾಲಾಗಿ ನಿಲ್ಲುವುದು, ಕರವಸ್ತ್ರದ ಅಂಚು ಮಡಚಿ ಹೊಲಿಯುವುದು, ದನಿ ಏರಿಸದೆ ಮಾತಾಡುವುದು. ಡ್ರಾಯಿಂಗ್ ಹೇಳಿಕೊಡುತ್ತಿದ್ದ ಒಬ್ಬ ವಯಸ್ಸಾದ ಸಿಸ್ಟರು, ಚಿತ್ರದ ಮುಂದೆ ನಿಂತಾಗ ಮೊದಲು ಸ್ವಲ್ಪ ಹೊತ್ತು ಸುಮ್ಮನಿರಬೇಕು ಎನ್ನುತ್ತಿದ್ದರು. ಅದೊಂದು ಮಾತು ಮನಸ್ಸಿನಲ್ಲಿ ಉಳಿದಿತ್ತು. ಚಿತ್ರಶಾಲೆಗೆ ಹೋಗೋಣ ಎಂದು ನಾನು ಅಂದದ್ದು ಅದಕ್ಕೇ ಇರಬೇಕು. ಪೊರೆ ಬಂದ ಕಣ್ಣಿನವರನ್ನು ಚಿತ್ರ ನೋಡಲು ಕರೆದೊಯ್ಯುವುದು ಎಂಥ ಮಾತು ಎಂದು ಆಮೇಲೆ ಅನ್ನಿಸಿತು.

ಆದರೆ ಆ ಕಣ್ಣು ಎಷ್ಟು ಮಬ್ಬಾಗಿದೆ ಎಂಬುದು ಅತ್ತೆಗಿಂತ ನನಗೇ ಹೆಚ್ಚು ಗೊತ್ತಿತ್ತು. ನಮ್ಮ ಮಾಳಿಗೆಯಿಂದ ಗುಡ್ಡದ ಮೇಲಿನ ಕರೆಂಟಿನ ಗಾಳಿಪಂಖಾಗಳು ಸಾಲಾಗಿ ಕಾಣುತ್ತವೆ. ಒಂದು ಸಂಜೆ ಗಾಳಿ ಪೂರ್ತಿ ಬಿದ್ದು ಒಂದು ರೆಕ್ಕೆಯೂ ಅಲುಗದಿದ್ದಾಗ, ಅತ್ತೆ ಹಪ್ಪಳ ತೆಗೆಯುತ್ತ ಆ ಕಡೆ ಮುಖ ಮಾಡಿ, “ಏನ್ ತಿರಗಾಕತ್ತಾವ ನೋಡು ಇವತ್ತು, ಹೌದಲ್ಲ?” ಎಂದರು. ನಾನು “ಹೌದ್ರಿ” ಎಂದೆ. ಹಾಗೆ ಶುರುವಾಯಿತು. ನಮ್ಮ ಕಡೆ ಸೊಸೆಯಾದವಳು ಅತ್ತೆಯ ಮಾತಿಗೆ ಅಲ್ಲ ಎನ್ನುವ ರೂಢಿಯೇ ಇಲ್ಲ. ಬೇರೆ ಮಾಡಬೇಕಾದರೂ ಮೊದಲು ಹೌದ್ರಿ ಅಂದೇ ಮಾಡಬೇಕು. ಅದರ ಮೇಲೆ ಅವರು ಮನಸ್ಸಿಗೆ ನೋವು ಮಾಡಿಕೊಳ್ಳಬಾರದೆಂಬ ಆಸೆ. ಮೆಣಸಿನಕಾಯಿ ಹಣ್ಣಾಗಿವೆ, ಹೌದಲ್ಲ? ಹೌದ್ರಿ. ಬಾಗಿಲಲ್ಲಿ ಬಂದಾಕಿ ಸೋದರತ್ತಿ ಮಗಳು, ಹೌದಲ್ಲ? ಹೌದ್ರಿ. ವರ್ಷಪೂರ್ತಿ ನಾನು ಅವರ ಜಗತ್ತಿಗೆ ಹೌದ್ರಿ ಅನ್ನುತ್ತ ಬಂದಿದ್ದೆ.

ಆಟೋದವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದ.

“ಎಲ್ಲಿಗಮ್ಮಾ?”

ನಾನು ಹೆಸರು ಹೇಳುವ ಮೊದಲೇ ಅತ್ತೆ ಬಾಯಿ ಹಾಕಿದರು. “ಚಿತ್ರ ತೂಗ ಹಾಕಿರ್ತಾರಲ್ಲಪ್ಪ, ಆ ದೊಡ್ಡ ಬಂಗಲೇಕ. ಹಾದಿ ಮ್ಯಾಲ ವಿಧಾನಸೌಧ ಬಂದ್ರ ಹಗೂರಕ ನಡಸು.”

“ಯಾಕಜ್ಜಿ, ಎಲೆಕ್ಷನ್‌ಗೆ ನಿಲ್ತೀರಾ?”

“ನಿಂತ್ರ ನಿನಗ ಮಂತ್ರಿ ಮಾಡ್ತೀನಿ ತಗೋ. ಆದರ ಹಿಂಗ ಕುಣಿಸಿಗೋತ ಹೊಡೀಬ್ಯಾಡ, ನನ್ನ ಟೊಂಕ ಹೋಗೂ ಹೊತ್ತಾತು.”

ಅವನು ನಕ್ಕು, ವಿಧಾನಸೌಧ ಬಂದಾಗ ನಿಜಕ್ಕೂ ಆಟೋ ನಿಧಾನ ಮಾಡಿದ. ಅತ್ತೆ ಕೋಳಿಯ ಹಾಗೆ ತಲೆ ಓರೆ ಮಾಡಿದರು. ಬಲಗಣ್ಣಿನ ಮೂಲೆಯಿಂದ ಸ್ವಲ್ಪ ಹೆಚ್ಚು ಕಾಣುತ್ತದೆಂದು ಅವರೇ ಕಂಡುಕೊಂಡ ಉಪಾಯ ಅದು. “ಬೆಳ್ಳಗ ಏನೋ ಎದ್ದು ನಿಂತೈತಿ. ಮೋಡ ಕೆಳಗ ಇಳದಂಗ.” ಅಷ್ಟು ದೊಡ್ಡ ಕಲ್ಲಿನ ಕಟ್ಟಡ ನನಗೂ ಒಂದು ಕ್ಷಣ ಹಾಗೇ ಕಂಡಿತು, ಎಲ್ಲಿಂದಲೋ ಬಂದು ಮರಗಳ ಹಿಂದೆ ತಂಗಿದ ಮೋಡ.

ಚಿತ್ರಶಾಲೆ ಒಂದು ಹಳೆಯ ಬಂಗಲೆಯಲ್ಲಿತ್ತು. ಮೊಗಸಾಲೆಯಲ್ಲಿ ಕಟ್ಟಿಗೆಯ ಕಂಬ, ಕೆಂಪು ಗಾರೆಯ ನೆಲ, ಅದರ ಮೇಲೆ ಕಿಟಕಿಯ ಸರಳುಗಳ ನೆರಳು ಮಲಗಿತ್ತು. ಅತ್ತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಪ್ಲಾಸ್ಟಿಕ್ ಸ್ಟೂಲಿನ ಮೇಲಿದ್ದ ಕಾವಲುಗಾರ ಎದ್ದು, “ಹಾಕ್ಕೊಂಡೇ ಬರಬಹುದಮ್ಮ” ಎಂದ.

“ಒಳಗ ದೇವರಿಲ್ಲೇನ್ರಿ?”

“ಇಲ್ಲಮ್ಮ, ಚಿತ್ರ ಇವೆ.”

“ಇರ್ಲಿ ಬಿಡ್ರಿ. ತಣ್ಣಗೈತಿ ನೆಲ,” ಎಂದು ಅತ್ತೆ ಬರಿಗಾಲಲ್ಲೇ ಒಳಗೆ ನಡೆದರು. ಅವರೊಬ್ಬರೇ ಬರಿಗಾಲಲ್ಲಿ ನಡೆಯುವುದು ಸರಿಯಲ್ಲವೆಂದು ನಾನೂ ಬಿಟ್ಟೆ. ಮೂರು ಕೋಣೆ ದಾಟುವವರೆಗೂ ನಮ್ಮ ಹೆಜ್ಜೆಗೆ ಸದ್ದೇ ಇರಲಿಲ್ಲ. ಬೇರೆಯವರ ಬೂಟಿನ ಸದ್ದು ಬಂದು ಹೋಗುವಾಗ, ನಾವಿಬ್ಬರೂ ಅಲ್ಲಿ ಇಲ್ಲವೇ ಇಲ್ಲ, ಯಾರೋ ನಮ್ಮನ್ನು ಕನಸಿನಲ್ಲಿ ಕಾಣುತ್ತಿದ್ದಾರೆ ಎಂಬಂತಿತ್ತು.

ಸಿಸ್ಟರು ಹೇಳಿದಂತೆ ಪ್ರತಿ ಚಿತ್ರದ ಮುಂದೆಯೂ ಮೊದಲು ಸುಮ್ಮನಿರುತ್ತಿದ್ದೆವು. ಆಮೇಲೆ ಅತ್ತೆ ನನ್ನ ಸೆರಗು ಜಗ್ಗುತ್ತಿದ್ದರು: “ಹೇಳು.” ನಾನು ಪಿಸುದನಿಯಲ್ಲಿ ಹೇಳುತ್ತಿದ್ದೆ. ಒಬ್ಬ ರಾಜ, ಪೇಟ, ಪೇಟದಲ್ಲಿ ಹಕ್ಕಿಯ ಪುಕ್ಕ. ಎಡಗೈ ಕತ್ತಿಯ ಮೇಲಿದ್ದರೂ ಬೆರಳು ಸಡಿಲ. ಒಂದು ಕೆರೆ, ಕೆರೆಯಲ್ಲಿ ತಲೆಕೆಳಗಾದ ಗುಡಿ. ಹೇಳುತ್ತ ಹೇಳುತ್ತ ನನಗೇ ಒಂದು ಅಮಲು ಹತ್ತಿತು. ಮನೆಯಲ್ಲಿ ಇಡೀ ದಿನ ಮಾತಾಡಿದರೂ ಉಪ್ಪು, ಗ್ಯಾಸು, ನಲ್ಲಿ ನೀರು. ಇಲ್ಲಿ ಒಂದೊಂದೇ ವಸ್ತುವನ್ನು ಕಣ್ಣಿನಿಂದ ಎತ್ತಿ ಇನ್ನೊಬ್ಬರ ಕಿವಿಯಲ್ಲಿ ಇಡುವ ಕೆಲಸ. ಒಂದು ಚಿತ್ರದಲ್ಲಿ ಹೆಂಗಸೊಬ್ಬಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮುಂದೆ ತಟ್ಟೆ. ತಟ್ಟೆ ಖಾಲಿಯಿತ್ತು, ಅವಳ ಕಣ್ಣು ಅದರಲ್ಲಿತ್ತು.

“ಏನ್ ಉಣ್ಣಾಕತ್ತಾಳ?” ಅತ್ತೆ ಕೇಳಿದರು.

“ರೊಟ್ಟಿ, ಪಲ್ಯ ಐತ್ರಿ,” ಎಂದೆ. ಬಾಯಿಂದ ತಾನಾಗಿಯೇ ಬಂತು. ಇಷ್ಟು ದೂರ ಬಂದು ಒಬ್ಬಳು ಹಸಿದವಳನ್ನು ಯಾಕೆ ತೋರಿಸಬೇಕು?

“ಹಂಗಾರ ಚಲೋ ಆತು,” ಎಂದು ಅತ್ತೆ ಸಮಾಧಾನದಿಂದ ಮುಂದೆ ಹೋದರು.

ಮುಂದಿನ ಗೋಡೆಯ ತುಂಬ ಒಂದೇ ಒಂದು ಚಿತ್ರವಿತ್ತು. ಚಿತ್ರವೆಂದರೆ ಬರೀ ಕಪ್ಪು. ಮೇಲಿನಿಂದ ಕೆಳಗೆ ಗೀಚಿದಂತೆ ಸಣ್ಣ ಗೆರೆಗಳು. ಹೇಗೆ ಹೇಳುವುದೆಂದು ನಾನು ಇನ್ನೂ ಪದ ಹುಡುಕುತ್ತಿದ್ದೆ. ಅತ್ತೆ ಈ ಸಲ ನನ್ನ ಸೆರಗು ಹಿಡಿಯಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಬಾಯಿ ತುಂಬ ನಕ್ಕರು.

“ಎರಿ ಹೊಲ! ಮಳಿ ಹೋಗಿ ಮೂರ ದಿನ ಆಗೇತಿ. ಕುಂಟಿ ಹೊಡದು ಬಿಟ್ಟಾರ, ಇನ್ನ ಬಿತ್ತಿಗಿ ಆಗಿಲ್ಲ. ಇದನ್ನ ನೋಡಾಕ ಇಲ್ಲೀತನ ಬರಬೇಕಾಗಿತ್ತೇನು? ರಾಜೂರಾಗ ನಮ್ಮ ತವರುಮನಿ ಹಿತ್ತಲಾ ಕಡೆ ಬಾಗಿಲಾ ತಗದ್ರ ಇದ.”

ಪಕ್ಕದಲ್ಲಿ ಪುಸ್ತಕ ಹಿಡಿದು ಬರೆದುಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಬರೆಯುವುದನ್ನು ನಿಲ್ಲಿಸಿ ಚಿತ್ರವನ್ನು ಮತ್ತೊಮ್ಮೆ ನೋಡಿದಳು. ನಾನೂ ನೋಡಿದೆ. ಖರೇನೇ, ಕಪ್ಪು ಮಣ್ಣಿನ ಎರೆ ಹೊಲ. ಮುಂಜಾನೆಯ ತೇವ ಆರದ, ಮೆಟ್ಟಿದರೆ ಕಾಲಿಗೆ ಅಂಟಿಕೊಂಡು ಬರುವ ನಮ್ಮ ಮಣ್ಣು.

ಆ ಉತ್ಸಾಹದಲ್ಲೇ ಕೊನೆಯ ಕೋಣೆಗೆ ಹೋದೆವು. ಅದು ಬಟ್ಟೆಗಳ ಕೋಣೆ. ಸೀರೆಗಳು, ಕಸೂತಿ ಕುಪ್ಪಸಗಳು, ಮತ್ತು ದೂರದ ಗೋಡೆಯ ಮೇಲೆ ಎರಡು ತುದಿ ಹಿಡಿದು ತೂಗುಬಿಟ್ಟ ಒಂದು ಕೌದಿ. ಹಳೆಯ ಸೀರೆಗಳನ್ನು ಪದರು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಹಚ್ಚಿ ಹೊಲಿದ ಹೊದಿಕೆ. ನಮ್ಮ ಕಡೆ ಅದಿಲ್ಲದ ಮನೆಯಿಲ್ಲ. ನಮ್ಮ ಅತ್ತೆ ಕೌದಿ ಹೊಲಿಯುವುದರಲ್ಲಿ ಹೆಸರಾದವರು. ಬೆಳವಣಕಿಯಿಂದೆಲ್ಲ ಹೆಂಗಸರು ಹಳೆಯ ಸೀರೆಯ ಗಂಟು ತಂದು ಮುಂದಿಡುತ್ತಾರೆ. ಓಣಿಯ ದರ್ಜಿ ಚಾಚಾ ಹಬ್ಬದ ಹೊಲಿಗೆ ಮುಗಿದ ಮೇಲೆ ಕತ್ತರಿಸಿದ ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿ, “ಆಪಾ, ನಿಮ್ಮ ಖಜಾನಿ ತಂದೀನಿ” ಎಂದು ಕಟ್ಟೆಯ ಮೇಲಿಟ್ಟು ಹೋಗುತ್ತಾರೆ.

ಕೌದಿಯನ್ನು ಕಂಡದ್ದು ನಾನು. ಅದರ ವಾಸನೆ ಹಿಡಿದವರಂತೆ ಅದರತ್ತ ಹೋದದ್ದು ಅತ್ತೆ. ಅಡ್ಡಲಾಗಿ ಕಟ್ಟಿದ್ದ ಹಗ್ಗವನ್ನು ಅವರು ನೋಡಲೇ ಇಲ್ಲ. ಕಂಡಿದ್ದರೂ ಬಟ್ಟೆ ಒಣಹಾಕುವ ಹಗ್ಗ ಎಂದುಕೊಳ್ಳುತ್ತಿದ್ದರು. ಕೈಗೆ ತಾಗಿದ ಹಗ್ಗವನ್ನು ಎತ್ತಿ ಬಗ್ಗಿ ಒಳಗೆ ಹೋಗಿ, ಕೌದಿಯ ಕೆಳಗಿನ ಮೂಲೆ ಹಿಡಿದು, ಸರಕ್ಕನೆ ತಿರುವಿ ಹಾಕಿ ಹಿಂಬದಿಯ ಮೇಲೆ ಬೆರಳಾಡಿಸತೊಡಗಿದರು. ಕೌದಿ ನೋಡುವ ರೀತಿಯೇ ಅದು. ಮುಂದಿನ ಮಗ್ಗುಲು ಬಂದ ಬೀಗರಿಗೆ, ಹಿಂದಿನ ಮಗ್ಗುಲು ಹೊಲಿದವರಿಗೆ.

“ಅಮ್ಮಾ! ಅಮ್ಮಾ, ಮುಟ್ಟಬಾರದು!” ಕಾವಲುಗಾರ ಓಡಿ ಬಂದ. ಅವನ ಹಿಂದೆ ಅಲ್ಲೇ ಕೆಲಸ ಮಾಡುವ, ಕೊರಳಲ್ಲಿ ಕಾರ್ಡು ಹಾಕಿಕೊಂಡ ಒಬ್ಬ ಯುವತಿ.

“ಯಾಕ ಮುಟ್ಟಬಾರದು? ಹೊಚ್ಚಿಗೊಳ್ಳೂದಿದು. ಮುಟ್ಟಲಾರದ ಹ್ಯಾಂಗ ಹೊಚ್ಚಿಗೋತಾರ?” ಅತ್ತೆ ತಿರುಗಿಯೂ ನೋಡಲಿಲ್ಲ. “ನೋಡಿಲ್ಲೆ ತಂಗಿ, ಹೊಲಗಿ ನೋಡು. ಅಂಚಿನಿಂದ ಹೊಂಟು ಸುತ್ತಿಗೋತ ಸುತ್ತಿಗೋತ ನಡುವಿಗೆ ಬಂದೈತಿ. ಎಲ್ಲೂ ದಾರ ಹರದಿಲ್ಲ. ಇದು ಮುದುಕಿ ಕೈ. ನಡುವ ಹೊಟ್ಟಿ ತುಂಬ್ಸ್ಯಾರೋ ಇಲ್ಲೋ?”

ಯುವತಿ ಬೈಯಲು ಬಂದವಳು, ಬೈಯದೆ ನಿಂತಳು. “ಹೊಟ್ಟೆ ಅಂದ್ರೆ ಏನಜ್ಜಿ?”

“ಕೌದಿ ಹೊಟ್ಟಿ, ಯವ್ವಾ. ನಡುವ ಕಡೀ ತುಂಡು ಹಚ್ಚುವಾಗ ಒಳಗ ಒಂದು ಚೂರು ರೊಟ್ಟಿ, ಒಂದು ಹಳಕು ಬೆಲ್ಲ ಇಟ್ಟು ಮುಚ್ಚತೀವಿ ನಾವು. ಹಸದ ಕೌದಿ ಹೊಚಗೊಂಡ್ರ ನಿದ್ದಿ ಹತ್ತಂಗಿಲ್ಲ.”

ಯುವತಿ ನಗಲಿಲ್ಲ. ಕೈಚೀಲದಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡಳು. ಕಾವಲುಗಾರ ಅವಳ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಅತ್ತೆಗೆ ಅದರಿಂದ ಇನ್ನಷ್ಟು ಹುರುಪು ಬಂತು. ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಹೇಳುತ್ತ ಹೋದರು: ಇಲ್ಲಿ ಹೊಸ ಸೂಜಿ ತೊಗೊಂಡಾಳ, ಇಲ್ಲಿ ಸಿಟ್ಟಿನಾಗ ಹೊಲದಾಳ, ಇಲ್ಲಿ ಕೂಸು ಅತ್ತೈತಿ, ಎದ್ದು ಹೋಗಿ ಬಂದಾಳ. ನನಗೆ ಮಾತ್ರ ಬೇರೆಯೇ ಚಿಂತೆ ಹತ್ತಿತು. ಬೆರಳಿಗೆ ಇಷ್ಟು ಕಾಣುವಾಗ ಇವರಿಗೆ ಕಣ್ಣಿನ ಹಂಗೇಕೆ? ಅವರೂ ಅದನ್ನೇ ಅಂದರು, ನನ್ನ ಕಡೆ ಮುಖ ಮಾಡಿ: “ನೋಡಿದೇನು? ಕಣ್ಣ ಬೇಕಾಗಲಿಲ್ಲ ನನಗ.” ಆಪರೇಶನ್ ಬೇಡವೆಂಬ ಸಂಜೆಯ ಉತ್ತರ ಅಲ್ಲೇ ಸಿಕ್ಕಿತೆಂದುಕೊಂಡೆ.

ಕೌದಿಯನ್ನು ಮೊದಲಿನಂತೆ ಇಳಿಬಿಟ್ಟು, ಸುಕ್ಕು ಸವರಿ, ಹಗ್ಗದಿಂದ ಹೊರಗೆ ಬಂದು ಅತ್ತೆ ಮತ್ತೆ ತಲೆ ಓರೆ ಮಾಡಿ ನೋಡಿದರು. “ಪದ್ಧತಿ ಗೊತ್ತಿದ್ದಾಕಿ. ನಾಕೂ ಮೂಲಿಗೆ ಹಸಿರ ಹಚ್ಚ್ಯಾಳ, ನಮ್ಮಂಗ. ಹೌದಲ್ಲ?”

“ಹೌದ್ರಿ,” ಎಂದೆ.

“ಇಲ್ಲಜ್ಜಿ, ಅದು ನೀಲಿ,” ಎಂದಳು ಯುವತಿ. ಬರೆದುಕೊಳ್ಳುವವಳು, ತಪ್ಪು ಬರೆಯಬಾರದೆಂಬ ಕಾಳಜಿ ಅವಳಿಗೆ. “ನಾಲ್ಕು ಮೂಲೆನೂ ನೀಲಿ. ಕಡುನೀಲಿ.”

ಅತ್ತೆ ನನ್ನ ಕಡೆ ತಿರುಗಿದರು. ನಾನು ನೆಲದ ಮೇಲಿನ ಸರಳುಗಳ ನೆರಳನ್ನು ನೋಡಿದೆ. ಅವರು ಯುವತಿಯ ಕೈ ಹುಡುಕಿ ಹಿಡಿದು, “ಆತವ್ವ, ಚಲೋ ಆತು, ಹೋಗಿ ಬರ್ತೀವಿ” ಎಂದರು. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಹೆಗಲು ಹಿಡಿಯಲಿಲ್ಲ, ಗೋಡೆ ಹಿಡಿದರು.

ಕಬ್ಬನ್ ಪಾರ್ಕಿನ ಒಂದು ಕಲ್ಲುಬೆಂಚಿನ ಮೇಲೆ ರೊಟ್ಟಿಯ ಗಂಟು ಬಿಚ್ಚಿದೆ. ಶೇಂಗಾ ಚಟ್ನಿಗೆ ಮೊಸರು ಕಲೆಸಿ ಕೊಟ್ಟೆ. ಅತ್ತೆ ಮರಗಳತ್ತ ಮುಖ ಮಾಡಿ ಉಂಡರು. ಮೇಲೆ ಮರಗಳು ಎಷ್ಟು ಎತ್ತರದಲ್ಲಿ ಒಂದಕ್ಕೊಂದು ಸೇರಿಕೊಂಡಿದ್ದವೆಂದರೆ, ನಾವು ಹಸಿರು ನೀರಿನ ತಳದಲ್ಲಿ ಕೂತಂತಿತ್ತು. ವಾಹನಗಳ ಸದ್ದು ಆ ನೀರಿನ ಮೇಲೆ, ಎಲ್ಲೋ ದಡದಲ್ಲಿ. ಒಂದು ಅಳಿಲು ಬಂದು ರೊಟ್ಟಿಯ ಚೂರು ಎತ್ತಿಕೊಂಡು ಹೋಯಿತು. ಇನ್ನೊಂದು ಚೂರು ಹಾಕಿದೆ. ಎರಡು ಗಂಟೆ ಕಳೆದು ಎರಡೂವರೆಯಾಯಿತು.

“ಎಷ್ಟ ದಿನ ಆತು?” ಅತ್ತೆ ಕೇಳಿದರು.

“ಏನ್ರಿ ಅತ್ತಿ?”

“ಹೌದ್ರಿ ಹೌದ್ರಿ ಅನ್ನೂದು.”

ಕಾನ್ವೆಂಟಿನಲ್ಲಿ ಸುಳ್ಳು ಸಿಕ್ಕಿಬಿದ್ದಾಗ ಕಿವಿ ಬಿಸಿಯಾಗುತ್ತಿತ್ತಲ್ಲ, ಹಾಗೇ ಆಯಿತು. “ವರ್ಷ ಆತ್ರಿ.”

“ತೊಟ್ಟಲ ಕೌದಿ?”

ನರಗುಂದಕ್ಕೆ ಕೊಟ್ಟ ನಮ್ಮ ಮಗಳು ಆಗ ಏಳು ತಿಂಗಳ ಬಸುರಿ. ಹುಟ್ಟುವ ಕೂಸಿಗೆಂದು ಅತ್ತೆ ನಾಲ್ಕು ತಿಂಗಳಿಂದ ಒಂದು ಪುಟ್ಟ ಕೌದಿ ಹೊಲಿಯುತ್ತಿದ್ದರು. ಅದರ ಬಗ್ಗೆಯೇ ಕೇಳುತ್ತಿದ್ದರು.

“ನೀವು ನಾಕೂ ಮೂಲಿಗೆ ಹಸಿರು ಅಂತ ನೀಲಿ ಹಚ್ಚಿದ್ರಿ,” ಎಂದೆ. “ಕೆಂಪು ಅಂತ ಕಂದು ಹಚ್ಚಿದ್ರಿ. ನೀವು ಮಧ್ಯಾಹ್ನ ಮಲಗಿದಾಗ ನಾ ಬಿಚ್ಚಿ ಬ್ಯಾರೆ ತುಂಡು ಹಚ್ಚಿ ಹೊಲದೀನ್ರಿ.”

ಅತ್ತೆ ಬೈಯುತ್ತಾರೆಂದು ಕಾದೆ. ಅವರು ಬೆರಳಿಗಂಟಿದ ಚಟ್ನಿ ಒರೆಸಿಕೊಂಡರು. “ಬಿಚ್ಚಿದ್ದು ಗೊತ್ತಿತ್ತು ನನಗ.”

“ಗೊತ್ತಿತ್ತೇನ್ರಿ?”

“ನನ್ನ ಹೊಲಗಿ ಅಕ್ಕಿಕಾಳಿನಂಗ. ನಿಂದು ಉದ್ದುದ್ದ, ಬಸ್ಸು ಹಿಡ್ಯಾಕ ಓಡಿ ಹೋಗೋರಂಗ. ಕೈ ಆಡಿಸಿದ್ರ ಬೆರಳಿಗೆ ತಿಳಿಯಂಗಿಲ್ಲೇನು? ನನ್ನನ್ನ ಏನ್ ಮಂಗ್ಯಾ ಅಂತ ತಿಳದಿದ್ದೀ?”

“ಮತ್ಯಾಕ ಕೇಳಲಿಲ್ರಿ ನೀವು?”

“ಏನಂತ ಕೇಳ್ಲಿ?” ಅತ್ತೆ ಎದುರಿನ ಹಸಿರು ಮಬ್ಬಿನತ್ತ ನೋಡುತ್ತಿದ್ದರು. “ಸೊಸಿ ಕಾನ್ವೆಂಟ್‌ನ್ಯಾಗ ಕಲತಾಕಿ. ನನ್ನ ಬಣ್ಣ ಅಕಿಗೆ ಹಳ್ಳಿ ಬಣ್ಣ ಅನಸ್ತಾವು. ಬಾಯಿಲೆ ಹೌದ್ರಿ ಅಂತಾಳ, ಕೈಲೆ ಬಿಚ್ಚತಾಳ. ಇರ್ಲಿ, ಕೂಸು ಅಕಿ ಮೊಮ್ಮಗನೋ ಮೊಮ್ಮಗಳೋ, ಅಕಿ ಬಣ್ಣನ ಇರ್ಲಿ ಅಂತ ಸುಮ್ಮನಾದೆ. ಖರೇ ಹೇಳ್ತೀನಿ ತಂಗಿ, ಭಾಳ ಕೆಟ್ಟ ಅನಿಸಿತ್ತು ನನಗ. ಇಪ್ಪತ್ತೆಂಟು ವರ್ಷ ಒಂದ ಒಲಿ ಮುಂದ ಕುಂತೀವಿ. ಒಂದ ಸಲ ಬಾಯಿಬಿಟ್ಟು ಹೇಳಬಾರದಿತ್ತೇನು, ಅತ್ತಿ, ಈ ಬಣ್ಣ ನನಗ ಸೇರಂಗಿಲ್ಲ ಅಂತ?”

ನಾಲ್ಕು ತಿಂಗಳು ನಾನು ಅವರ ಮನಸ್ಸು ಕಾಯುತ್ತಿದ್ದೇನೆಂದುಕೊಂಡಿದ್ದೆ. ಅವರು ಅದೇ ನಾಲ್ಕು ತಿಂಗಳು, ನಾನು ಬಿಚ್ಚಿದ ಒಂದೊಂದು ಹೊಲಿಗೆಯನ್ನೂ ಬೆರಳಿನಿಂದ ಓದಿಕೊಂಡು, ಮೇಲೆ ತಮ್ಮ ಹೊಲಿಗೆ ಹಾಕುತ್ತ ಬಂದಿದ್ದರು.

“ನಿಮ್ಮ ಬಣ್ಣ ಅಂದ್ರ ನನಗ ಭಾಳ ಸೇರತಾವ್ರಿ ಅತ್ತಿ,” ಎಂದೆ ಕೊನೆಗೆ. “ಅದಕ್ಕ ಬಿಚ್ಚಿದ್ದು. ಅವು ನಿಮ್ಮ ಬಣ್ಣ ಆಗಿರಲಿಲ್ಲ.”

ಅತ್ತೆ ರೊಟ್ಟಿಯ ಗಂಟನ್ನು ಮತ್ತೆ ಕಟ್ಟಿದರು. “ಕಣ್ಣಿಂದು ಅಂತ ನನ್ನ ತಲ್ಯಾಗ ಬರ್ಲೇ ಇಲ್ಲ ನೋಡು,” ಎಂದರು. “ನನಗ ಹಸಿರನ ಕಾಣತಿತ್ತು. ಈಗೂ ಕಾಣತೈತಿ.” ಆಮೇಲೆ, “ಇವತ್ತು ಇನ್ನೇನೇನ ಸುಳ್ಳ ಹೇಳಿದಿ?”

“ಆ ಹೆಂಗಸಿನ ತಾಟಿನಾಗ ರೊಟ್ಟಿ ಇರಲಿಲ್ರಿ. ಖಾಲಿ ಇತ್ತು.”

“ಅಯ್ಯ ಪಾಪ!” ಆ ಚಿತ್ರದ ಹೆಂಗಸು ಎದುರಿಗೇ ಇದ್ದಾಳೋ ಎಂಬಂತೆ ಅತ್ತೆ ಮರುಗಿದರು. “ಅಕಿ ಹಸದ ಕುಂತಿದ್ಲು, ನಾ ಚಲೋ ಆತು ಅಂದು ಬಂದೆನಲ್ಲ!”

ಅಲ್ಲಿಂದ ಅವರು ಒಂದೊಂದಾಗಿ ಕೇಳಿದರು, ನಾನು ಇದ್ದದ್ದು ಇದ್ದಂತೆ ಹೇಳಿದೆ. ಆ ಮರಕ್ಕೆ ಹೂವಿವೆಯೇ? ಇಲ್ಲ, ಒಣಗಿದ ಎಲೆ. ಆ ಬಿಳಿ ಏನು? ಹಾರಿ ಬಂದ ಪ್ಲಾಸ್ಟಿಕ್ ಚೀಲ. ಎದುರು ಬೆಂಚಿನ ಮೇಲೆ ಗಂಡ ಹೆಂಡತಿ ಕೂತಿದ್ದಾರಲ್ಲ? ಇಲ್ರಿ, ಒಬ್ಬನೇ ಇದ್ದಾನೆ, ಪಕ್ಕದಲ್ಲಿ ಚೀಲ ಇಟ್ಟುಕೊಂಡಿದ್ದಾನೆ. ಪ್ರತಿ ಉತ್ತರಕ್ಕೂ ಅವರ ಮುಖದಲ್ಲಿ ಏನೋ ಒಂದು ಇಳಿಯುತ್ತಿತ್ತು, ಆದರೆ ಅವರು ನಿಲ್ಲಿಸಲಿಲ್ಲ. ಕೊನೆಗೆ ತಮ್ಮ ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡರು.

“ಆಪರೇಶನ್ ಮಾಡಿಸಿ, ಇದೂ ಹೋತಂದ್ರ?”

ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು: ಏನೂ ಆಗಂಗಿಲ್ರಿ ಅತ್ತಿ, ಚಲೋ ಆಗತೈತಿ. ಅದನ್ನು ನುಂಗಿದೆ.

“ಗೊತ್ತಿಲ್ರಿ,” ಎಂದೆ. “ಡಾಕ್ಟರ್ರಿಗೂ ಪೂರಾ ಗೊತ್ತಿಲ್ಲ. ನನಗೂ ಭಾಳ ಅಂಜಿಕಿ ಐತ್ರಿ. ನಿನ್ನಿ ರಾತ್ರಿ ನಿದ್ದಿ ಹತ್ತಿಲ್ಲ ನನಗ.”

ಅತ್ತೆ ನನ್ನ ಕಡೆ ಪೂರ್ತಿ ತಿರುಗಿದರು. ನನ್ನ ಮುಖ ಅವರಿಗೆ ಎಷ್ಟು ಕಂಡಿತೋ.

“ನಿನಗೂ ಅಂಜಿಕಿ ಐತೇನು?”

“ಐತ್ರಿ.”

“ಎಲ್ಲಾರೂ ಏನಿಲ್ಲ ಏನಿಲ್ಲ ಅಂತಾರ ನೋಡು, ಅವಾಗ ನನಗ ಅಂಜಿಕಿ ಜಾಸ್ತಿ ಆಗತಿತ್ತು. ನಾ ಒಬ್ಬಾಕಿನ ಅಂಜಾಕತ್ತೀನೇನೋ ಅಂತ.” ಅವರು ಸೆರಗು ಹೊದ್ದುಕೊಂಡು ನೆಟ್ಟಗೆ ಕೂತರು. “ಹಚ್ಚು ಫೋನು. ಇರೂದನ್ನ ನೋಡಬೇಕು ನಾ, ನೀ ಹೇಳಿದ್ದನ್ನಲ್ಲ.”

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ನಂಬರು ಹಚ್ಚಿ ನಾನು ಮಾತಾಡಹೋದರೆ ಅತ್ತೆ ಫೋನು ಕಸಿದುಕೊಂಡರು. ಆ ಕಡೆಯ ಹುಡುಗಿಯ ದನಿ ನನಗೂ ಕೇಳುತ್ತಿತ್ತು.

“ಯಾವ ಕಣ್ಣಿಗೆ ಅಮ್ಮ, ಎಡಗಣ್ಣಾ ಬಲಗಣ್ಣಾ?”

“ಇರೋದ ಒಂದವ್ವಾ. ಅದಕ್ಕ ಮಾಡ್ರಿ.”

“ಬೆಳಿಗ್ಗೆ ಏಳೂವರೆಗೆ ಬನ್ನಿ. ತಲೆಸ್ನಾನ ಮಾಡಿಕೊಂಡು ಬನ್ನಿ. ಜೊತೆಗೆ ಯಾರಿದ್ದಾರೆ?”

“ನಮ್ಮ ಸೊಸಿ,” ಎಂದರು ಅತ್ತೆ. “ಖರೇ ಮಾತಾಡಾಕಿ. ಇವತ್ತಿನಿಂದ.”

ಫೋನು ನನ್ನ ಕೈಗೆ ಕೊಟ್ಟು, ಅವರು ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡರು. “ಇನ್ನೂ ಹೊತ್ತೈತಲ್ಲ. ಮತ್ತೇನೈತಿ ಈ ಊರಾಗ?”

ಮೆಟ್ರೋ ಹತ್ತಿದೆವು. ಎಲ್ಲಿಗೂ ಹೋಗಬೇಕಾಗಿರಲಿಲ್ಲ; ತುದಿಯವರೆಗೆ ಹೋಗಿ ಅದರಲ್ಲೇ ಹಿಂದಿರುಗುವುದು. ಸ್ವಲ್ಪ ದೂರ ನೆಲದೊಳಗಿನ ಕತ್ತಲಲ್ಲಿ ಓಡಿ, ರೈಲು ಒಮ್ಮೆಲೇ ಮೇಲೆದ್ದು ಬೆಳಕಿಗೆ ಬಂತು. ಕಿಟಕಿಯ ಪಕ್ಕ ಕೂತ ಅತ್ತೆ ಬೆಳಕಿಗೆ ಮುಖವೊಡ್ಡಿದರು. ಕೆಳಗೆ ನಗರ ತೇಲಿ ಹೋಗುತ್ತಿತ್ತು. ಇಳಿಬಿಸಿಲು ಕಟ್ಟಡಗಳ ಗಾಜಿಗೆ ತಾಗಿ, ನಮ್ಮ ಡಬ್ಬಿಯ ಒಳಗೆ ಬಂದು, ನಿಂತವರ ತೋಳಿನ ಮೇಲ್ಗಡೆ ಹಾದು, ಮತ್ತೊಂದು ಕಡೆಯಿಂದ ಹೊರಬೀಳುತ್ತಿತ್ತು. ನಾನು ಕಂಡದ್ದು ಕಂಡಂತೆ ಅವರ ಕಿವಿಯಲ್ಲಿ ಹೇಳುತ್ತ ಹೋದೆ. ಮಾಳಿಗೆಯ ಮೇಲೆ ಒಣಹಾಕಿದ ಹಳದಿ ಬೆಡ್‌ಶೀಟು. ಸಿಮೆಂಟು ಕಿತ್ತ ಗೋಡೆ. ಕಪ್ಪಾದ ಕಾಲುವೆ, ಅದರಲ್ಲಿ ನೊರೆ. ಒಂದು ಕಿಟಕಿಯಲ್ಲಿ ಒಬ್ಬಾಕೆ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಳೆ. ಅತ್ತೆ ಯಾವುದಕ್ಕೂ ಹೌದು ಅಲ್ಲ ಅನ್ನದೆ ತಲೆದೂಗುತ್ತಿದ್ದರು, ಕೇಳಿದ್ದನ್ನೆಲ್ಲ ಒಂದು ಕಡೆ ತೆಗೆದಿಡುವವರಂತೆ.

ರೈಲು ತಿರುವಿನಲ್ಲಿ ಓಲಿದಾಗ ದೂರದಲ್ಲಿ ಒಂದು ಎತ್ತರದ ಕಟ್ಟಡ ಬಂತು. ಅದರ ಗೋಡೆಯ ಬಣ್ಣ ಬಿಸಿಲಿನಲ್ಲಿ ಏನೋ ಒಂದಾಗಿತ್ತು.

“ಅದು? ಅಲ್ಲಿ ಎತ್ತರಕ ಹೊಳಿಯೂದು? ಅದು ಯಾವ ಬಣ್ಣ?”

ನಾನು ನೋಡಿದೆ. ಗುಲಾಬಿಯೂ ಅಲ್ಲ, ಬೂದಿಯೂ ಅಲ್ಲ. ಪಾರಿವಾಳದ ಕೊರಳಿನಂತೆ, ಕ್ಷಣಕ್ಕೊಂದು.

“ಹೇಳಾಕ ಬರವಲ್ತ್ರಿ ಅತ್ತಿ. ಅದರ ಹೆಸರ ನನಗ ಗೊತ್ತಿಲ್ಲ.”

“ಇರ್ಲಿ ಬಿಡು,” ಎಂದರು ಅತ್ತೆ, ಆ ಕಡೆಯಿಂದ ಮುಖ ತಿರುಗಿಸದೆ. “ಅದನ್ನ ನಾ ಬಂದು ನೋಡ್ತೀನಿ.”